ಮನೆ ಬಿಟ್ಟು ಹೋಗಲು ಐರ್ಲೆಂಡಿನ ಹಿರಿಯರು ಯಾಕೆ ಹೆದರುತ್ತಾರೆ?

ಪಶ್ಚಿಮ ಐರ್ಲೆಂಡಿನ ಹಳೇ ರೈತರ ಮನೆಗಳಲ್ಲಿ ಒಂದು ಕೋಣೆಯನ್ನು ‘ಪಡುವಣ ಕೋಣೆ’ ಎಂದೇ ಕರೆಯುತ್ತಿದ್ದರು. ಮಗನ ಮದುವೆಯಾಗಿ ಸೊಸೆ ಮನೆಗೆ ಬಂದಾಗ ಅಪ್ಪ, ಅಮ್ಮ ತಮ್ಮ ಹಾಸಿಗೆಯನ್ನು ಆ ಕೋಣೆಗೆ ಸಾಗಿಸುತ್ತಿದ್ದರು. ಜಮೀನು, ಒಲೆ, ದುಡ್ಡಿನ ವ್ಯವಹಾರ ಎಲ್ಲ ಕಿರಿಯರ ಪಾಲಿಗೆ. ಆದರೆ ಸುಮ್ನೆ ಬಾಯಿಮಾತಿನ ಮೇಲೆ ಬಿಟ್ಟುಕೊಡುತ್ತಿರಲಿಲ್ಲ. ಮದುವೆ ಮಾತುಕತೆಯ ಹೊತ್ತಿಗೇ ವಕೀಲರ ಮುಂದೆ ಕೂತು ಬರೆಸುತ್ತಿದ್ದರು. ಹಿರಿಯರಿಗೆ ಆ ಕೋಣೆ, ಊಟಕ್ಕೆ ಆಲೂಗಡ್ಡೆ, ಬೆಂಕಿಗೆ ಜೌಗುನೆಲದಿಂದ ಕೊಯ್ದು ಒಣಗಿಸಿದ ಟರ್ಫ್, ಒಂದು ಹಸು ಮೇಯುವಷ್ಟು ಹುಲ್ಲು, ಚರ್ಚಿಗೆ ಹೋಗಿಬರಲು ಗಾಡಿ. 1930ರ ದಶಕದಲ್ಲಿ ಕ್ಲೇರ್ ಕೌಂಟಿಯ ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಕಾನ್ರಾಡ್ ಆರೆನ್ಸ್‌ಬರ್ಗ್ ಈ ಪದ್ಧತಿಯನ್ನು ದಾಖಲಿಸಿದ್ದಾರೆ.

ಹೆತ್ತ ಮಗನ ಜೊತೆ ಇಂಥ ಕರಾರು ಯಾಕೆ? ಆ ಕೋಣೆ ಕೈತಪ್ಪಿದರೆ ಉಳಿಯುತ್ತಿದ್ದುದು ವರ್ಕ್‌ಹೌಸ್ ಒಂದೇ.

1838ರ ಬಡವರ ಕಾಯ್ದೆಯಡಿ ಬ್ರಿಟಿಷ್ ಆಡಳಿತ ಐರ್ಲೆಂಡಿನ ಉದ್ದಗಲಕ್ಕೂ ವರ್ಕ್‌ಹೌಸ್ ಕಟ್ಟಿಸಿತು. ಗತಿಯಿಲ್ಲದವರಿಗೆ ಅಲ್ಲಿ ಊಟ, ಸೂರು ಸಿಗುತ್ತಿತ್ತು. ಆದರೆ ಒಳಗೆ ಕಾಲಿಟ್ಟ ಕೂಡಲೇ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಕ್ಕಳು ಮತ್ತೊಂದು ಕಡೆ. ಜನ ಸುಲಭವಾಗಿ ಬರಬಾರದು ಎಂದು ಬೇಕಂತಲೇ ಹಾಗೆ ಇಟ್ಟಿದ್ದರು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂತು. ಮಹಾ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ವರ್ಕ್‌ಹೌಸ್‌ಗಳು ತುಂಬಿ ತುಳುಕಿದವು, ಒಳಗೆ ಜ್ವರ ಹಬ್ಬಿತು. 1920ರ ದಶಕದಲ್ಲಿ ದೇಶ ಸ್ವತಂತ್ರವಾದ ಮೇಲೆ ಇವುಗಳಲ್ಲಿ ಹಲವು ‘ಕೌಂಟಿ ಹೋಮ್’ ಎಂಬ ಸರ್ಕಾರಿ ಆಶ್ರಯಮನೆಗಳಾದವು. ಬೋರ್ಡು ಬದಲಾಯಿತು, ಗೋಡೆಗಳು ಅವೇ. ಅಜ್ಜಿಯಂದಿರು ಹೇಳಿದ ಕಥೆಗಳಲ್ಲಿ ಆ ಭಯ ಹಾಗೇ ಉಳಿಯಿತು.

ಹಿರಿಯರಿಗೆ ಮೊದಲು ಧೈರ್ಯ ಕೊಟ್ಟಿದ್ದು ಪಿಂಚಣಿ. 1909ರ ಜನವರಿಯಿಂದ 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್ ವರೆಗೆ ಸಿಗತೊಡಗಿತು. ಆದರೆ ವಯಸ್ಸು ತೋರಿಸುವುದು ಹೇಗೆ? ಐರ್ಲೆಂಡಿನಲ್ಲಿ ಜನನ ನೋಂದಣಿ ಶುರುವಾಗಿದ್ದೇ 1864ರಲ್ಲಿ. ಆಗ ನೆರವಿಗೆ ಬಂದದ್ದು ಒಂದು ಬಿರುಗಾಳಿ. 1839ರ ಜನವರಿ 6ರ ರಾತ್ರಿ ಬೀಸಿದ ಗಾಳಿ ಊರೂರುಗಳ ಸೂರು ಹಾರಿಸಿತ್ತು. ಆ ರಾತ್ರಿ ನೆನಪಿದೆ ಎಂದರೆ 70 ಆಗಿದೆ ಎಂದೇ ಅರ್ಥ, ಅಲ್ವಾ? ಎಷ್ಟೋ ಜನ ಅದನ್ನೇ ಸಾಕ್ಷಿ ಹೇಳಿದರು. ನಗದು ಕಾಣದ ಮನೆಗಳಿಗೆ ಪಡುವಣ ಕೋಣೆಯಿಂದ ದುಡ್ಡು ಬರತೊಡಗಿತು. 1924ರಲ್ಲಿ ಹಣಕಾಸು ಮಂತ್ರಿ ಅರ್ನೆಸ್ಟ್ ಬ್ಲೈತ್ ಪಿಂಚಣಿಯಲ್ಲಿ ಒಂದು ಶಿಲಿಂಗ್ ಕಡಿತ ಮಾಡಿದ್ದನ್ನು ಜನ ದಶಕಗಳ ಕಾಲ ಮರೆಯಲಿಲ್ಲ.

ದುಡ್ಡೇನೋ ಬಂತು. ಎತ್ತಿ ಕೂರಿಸುವ, ಸ್ನಾನ ಮಾಡಿಸುವ ಕೈಗಳು ಯಾರವು? ಹೆಂಗಸರವು. 1937ರ ಸಂವಿಧಾನ ಮನೆಯೊಳಗಿನ ಹೆಣ್ಣಿನ ಬದುಕು ದೇಶಕ್ಕೆ ಆಸರೆ ಎಂದು ಬರೆದುಕೊಂಡಿತು. ಮದುವೆಯಾದ ಹೆಣ್ಣು ಸರ್ಕಾರಿ ಕೆಲಸ ಬಿಡಬೇಕೆಂಬ ನಿಯಮ 1973ರವರೆಗೂ ಇತ್ತು. ಅಣ್ಣ ತಮ್ಮಂದಿರು ಲಂಡನ್, ಬೋಸ್ಟನ್ ಸೇರಿದರೆ ಮದುವೆಯಾಗದೆ ಉಳಿದ ಮಗಳೇ ಹೆತ್ತವರಿಗೆ ಆಸರೆ. ಅವಳ ದುಡಿಮೆಗೆ ಸಂವಿಧಾನದಲ್ಲಿ ಹೊಗಳಿಕೆ ಸಿಕ್ಕಿತು, ಕೂಲಿ ಸಿಗಲಿಲ್ಲ. ಆರೈಕೆ ಮಾಡುವವರಿಗೆಂದು ಕೇರರ್ಸ್ ಅಲವೆನ್ಸ್ ಬಂದದ್ದು 1990ರಲ್ಲಿ. ಅದಕ್ಕೂ ಗಂಡನ ಆದಾಯ ನೋಡುತ್ತಿದ್ದರು.

2005ರಲ್ಲಿ ಡಬ್ಲಿನ್ ಹೊರವಲಯದ ಲೀಸ್ ಕ್ರಾಸ್ ಎಂಬ ನರ್ಸಿಂಗ್ ಹೋಮಿನಲ್ಲಿ, ಅಂದರೆ ಹಿರಿಯರು ಉಳಿದುಕೊಳ್ಳುವ ಆರೈಕೆ ಕೇಂದ್ರದಲ್ಲಿ, ಹಿರಿಯರನ್ನು ಕಡೆಗಣಿಸಿದ ದೃಶ್ಯಗಳನ್ನು ಆರ್‌ಟಿಇ ಟೀವಿ ತೋರಿಸಿದಾಗ ದೇಶ ಬೆಚ್ಚಿತು. ಹಳೇ ಭಯ ನಿಜವೇ ಆಗಿತ್ತು. ಆಮೇಲೆ ಸ್ವತಂತ್ರ ತಪಾಸಣೆ ಬಂತು. 2009ರಲ್ಲಿ ನರ್ಸಿಂಗ್ ಹೋಮ್ ಖರ್ಚಿಗೆ ಸರ್ಕಾರ ನೆರವಾಗುವ ‘ಫೇರ್ ಡೀಲ್’ ಯೋಜನೆ ಶುರುವಾಯಿತು. ನರ್ಸಿಂಗ್ ಹೋಮ್ ಸೇರಿದವರು ತಮ್ಮ ಆದಾಯದ 80% ಮತ್ತು ವರ್ಷಕ್ಕೆ ಆಸ್ತಿ ಬೆಲೆಯ 7.5% ಕೊಡಬೇಕು. ಸ್ವಂತ ಮನೆಯ ಬೆಲೆಯನ್ನು ಮೊದಲ ಮೂರು ವರ್ಷ ಮಾತ್ರ ಲೆಕ್ಕ ಹಿಡಿಯುತ್ತಾರೆ. ಉಳಿದ ಖರ್ಚು ಸರ್ಕಾರದ್ದು. ಇದಕ್ಕೆ ಕಾನೂನಿನ ಬಲವಿದೆ. ಆದರೆ ಮನೆಗೇ ಬಂದು ಆರೈಕೆ ಮಾಡುವ ಸೇವೆಗೆ ಅಂಥ ಕಾನೂನನ್ನು ಸರ್ಕಾರಗಳು ವರ್ಷಗಳಿಂದ ಬರೀ ಭರವಸೆಯಲ್ಲೇ ಇಟ್ಟಿವೆ. ಜನ ಹೆದರುವ ಜಾಗಕ್ಕೆ ಕಾನೂನು ಮೊದಲು ಹೋಯಿತು, ಜನ ಬಯಸುವ ಜಾಗಕ್ಕೆ ಹೋಗಲಿಲ್ಲ. ನನಗೆ ಇದೇ ದೊಡ್ಡ ಅನ್ಯಾಯ ಅನ್ನಿಸುತ್ತದೆ.

2022ರ ಜನಗಣತಿಯಲ್ಲಿ 2,99,128 ಜನ ತಾವು ಸಂಬಳವಿಲ್ಲದೆ ಯಾರದೋ ಆರೈಕೆ ಮಾಡುತ್ತಿದ್ದೇವೆ ಎಂದು ಬರೆಸಿದರು. 2024ರ ಮಾರ್ಚ್ 8ರಂದು ಮನೆಯೊಳಗಿನ ಹೆಣ್ಣಿನ ಬಗ್ಗೆ ಸಂವಿಧಾನದಲ್ಲಿದ್ದ ಆ ಹಳೇ ಮಾತು ತೆಗೆದು, ಕುಟುಂಬದ ಆರೈಕೆಗೆ ಸರ್ಕಾರ ‘ಶ್ರಮಿಸುತ್ತದೆ’ ಎಂದು ಸೇರಿಸಲು ಮತದಾನ ನಡೆಯಿತು. ಸುಮಾರು 74% ಜನ ಬೇಡ ಎಂದರು. ‘ಶ್ರಮಿಸುತ್ತದೆ’ ಎಂದರೆ ಕೊಟ್ಟೇ ಕೊಡುತ್ತದೆ ಎಂದಲ್ಲ ಎಂಬುದು ಅಂಗವಿಕಲರ ಮತ್ತು ಆರೈಕೆ ಮಾಡುವವರ ಪೈಕಿ ಹಲವರ ಸಿಟ್ಟಾಗಿತ್ತು.

ಈಗ ಮನೆಸೇವೆ ಮಂಜೂರಾದರೂ ಕೆಲಸಗಾರರು ಸಿಗದೆ ಕಾಯುವವರಿದ್ದಾರೆ. ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಲ್ಲಿ ಹೊರದೇಶದ ನರ್ಸ್‌ಗಳು ಬಹಳ ಮಂದಿ ಇದ್ದಾರೆ. ಅವರಲ್ಲಿ ಭಾರತದ ನರ್ಸ್‌ಗಳೇ ಜಾಸ್ತಿ. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಓದಿದವರೂ ಅವರಲ್ಲಿದ್ದಾರೆ. ಅವರು ತಮ್ಮ ಅಪ್ಪ, ಅಮ್ಮನನ್ನು ಜೊತೆಗೆ ಇರಿಸಿಕೊಳ್ಳಬೇಕೆಂದರೆ ಐರ್ಲೆಂಡ್ ಕೇಳುವ ಆದಾಯ ಸಾಮಾನ್ಯ ನರ್ಸ್ ಸಂಬಳಕ್ಕೆ ಎಟುಕುವಂಥದ್ದಲ್ಲ.