ಯುದ್ಧಕಾಲದ ಆಸ್ಪತ್ರೆ, ಮುಂದಿನ ಕಾಲದ ಕಥೆ: ಮೊದಲು ಯಾರನ್ನು ಒಳಗೆ ಬಿಡುವುದು?

ಈ ತಿಂಗಳು ನಮ್ಮ ಓದು ಗುಂಪಿಗೆ ಸಿಕ್ಕ ವಿಷಯ ಹೀಗಿದೆ. ಯುದ್ಧ ನಡೆಯುತ್ತಿದೆ, ಕಥೆ ನಡೆಯುವುದು ಮಿಲಿಟರಿ ಆಸ್ಪತ್ರೆಯಲ್ಲಿ, ಕಾಲ ಮಾತ್ರ ಮುಂದಿನದು. ಇಂಥ ನಾಟಕ ಓದುವಾಗ, ಬರೆಯುವಾಗ ಏನು ಗಮನಿಸಬೇಕು? ಗುಂಪಿನಲ್ಲಿ ನರ್ಸಿಂಗ್ ಓದುತ್ತಿರುವವಳು ನಾನೊಬ್ಬಳೇ. ಹಾಗಾಗಿ ಟಿಪ್ಪಣಿ ಬರೆಯುವ ಕೆಲಸ ನನ್ನ ತಲೆಗೇ ಬಂತು.

ಕಾರವಾರದಲ್ಲಿ ಕೂತು ಇದನ್ನು ಬರೆಯಲು ಒಂದು ಅನುಕೂಲ ಇದೆ. ನೌಕಾನೆಲೆ ಇಲ್ಲೇ ಇದೆ. ನೌಕಾಪಡೆಯ ಆಸ್ಪತ್ರೆ ಐಎನ್‌ಎಚ್‌ಎಸ್ ಪತಂಜಲಿ ಇದೆ. ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ದಡ ಹತ್ತಿ ಮ್ಯೂಸಿಯಂ ಆಗಿ ಕೂತಿದೆ. ಒಮ್ಮೆ ಅದರೊಳಗೆ ಹೋಗಿ ಬನ್ನಿ. ಆ ಇಕ್ಕಟ್ಟಿನಲ್ಲಿ ಗಾಯಾಳುವನ್ನು ಮಲಗಿಸಿದ ಸ್ಟ್ರೆಚರ್ ಹೇಗೆ ತಿರುಗಿಸುತ್ತೀರಿ ಅಂತ ಯೋಚಿಸಿ. ಮೊದಲ ದೃಶ್ಯ ಅಲ್ಲೇ ಸಿಗುತ್ತದೆ.

ನಮ್ಮ ಮೊದಲ ಸಭೆಯಲ್ಲಿ ಎಲ್ಲರೂ ಯಂತ್ರಗಳ ಬಗ್ಗೆಯೇ ಮಾತಾಡಿದರು. ಕೈ ಕಡಿದರೆ ಹೊಸ ಕೈ ಬೆಳೆಸುವ ಪೆಟ್ಟಿಗೆ, ಹೊಟ್ಟೆಯೊಳಗೆ ಇಳಿಯುವ ಸಣ್ಣ ರೋಬೋ, ಹೀಗೆ. ಶಿರಸಿಯ ಗೆಳತಿ ಸುಮ್ನೆ ಕೇಳುತ್ತಾ ಕೂತಿದ್ದಳು. ಕಡೆಗೆ, "ಅದೆಲ್ಲ ಸರಿ ಮಾರಾಯ್ತಿ, ಇಷ್ಟೆಲ್ಲ ಇದ್ದ ಮೇಲೆ ಇವ್ರು ಯಾಕೆ ಸಾಯ್ಬೇಕು? ನಾಟಕ ಯಾಕೆ ನೋಡ್ಬೇಕು?" ಅಂದಳು. ಎಲ್ಲರೂ ಸುಮ್ಮನಾದರು.

ಅವಳ ಪ್ರಶ್ನೆಯೇ ಈ ಟಿಪ್ಪಣಿಯ ಗಂಟು. ಯಂತ್ರ ಎಷ್ಟು ದೊಡ್ಡದಾದರೂ ಇರಲಿ, ಅದು ಒಂದೇ ಇರಬೇಕು. ಬ್ಯಾಟರಿ ಮೂರು ಜನರಿಗೆ ಮಾತ್ರ ಸಾಕಾಗಬೇಕು. ಹೊರಗೆ ಇಪ್ಪತ್ತು ಜನ ಮಲಗಿರಬೇಕು. ಆಗ ಬಾಗಿಲಲ್ಲಿ ನಿಂತ ಸಿಸ್ಟರ್ ಯಾರತ್ತ ಕೈ ತೋರಿಸುತ್ತಾಳೆ ಅನ್ನುವುದೇ ಕಥೆ.

ಈ ಆರಿಸುವ ಕೆಲಸಕ್ಕೆ ಟ್ರಯಾಜ್ ಅನ್ನುತ್ತಾರೆ. ವಿಂಗಡಿಸು ಅನ್ನುವ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ನೆಪೋಲಿಯನ್ ಸೈನ್ಯದ ಸರ್ಜನ್ ಡೊಮಿನಿಕ್ ಲಾರೇ, ಗಾಯಾಳು ದೊಡ್ಡ ಅಧಿಕಾರಿಯೋ ಸಾದಾ ಸಿಪಾಯಿಯೋ ಅಂತ ನೋಡದೆ ಗಾಯ ಎಷ್ಟು ಗಂಭೀರ ಅಂತ ನೋಡಿ ಚಿಕಿತ್ಸೆ ಮಾಡಬೇಕು ಅಂದವನು. ಈಗ ನಾವು ಕಲಿಯುವುದು ನಾಲ್ಕು ಬಣ್ಣದ ಚೀಟಿ. ಕೆಂಪಿನವರಿಗೆ ಮೊದಲು ಚಿಕಿತ್ಸೆ, ಆಮೇಲೆ ಹಳದಿ, ಆಮೇಲೆ ಹಸಿರು; ಕಪ್ಪು ಅಂದರೆ ಉಳಿಸಲಾಗದವರು. ನಡೆದು ಬರುವವರಿಗೆ ಹಸಿರು. ಉಸಿರಿನ ದಾರಿ ಬಿಡಿಸಿದರೂ ಉಸಿರಾಡದವರಿಗೆ ಕಪ್ಪು. ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ ಕೆಂಪು. ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿದರೂ ಕೆಂಪು, "ಕೈ ಮುಚ್ಚಿ ಬಿಡಿ" ಅಂದಾಗ ಮಾಡಲಾಗದಿದ್ದರೂ ಕೆಂಪು. ಉಳಿದವರಿಗೆ ಹಳದಿ. ಒಬ್ಬರಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ.

ಓದುವಾಗ ಸಲೀಸು. ನಮ್ಮ ಅಣಕು ಕಾರ್ಯಾಚರಣೆಯ ದಿನ ನನ್ನ ಗತಿ ಏನಾಯ್ತು ಹೇಳುತ್ತೇನೆ. ಮೈದಾನದಲ್ಲಿ ಜೂನಿಯರ್‌ಗಳನ್ನು ಗಾಯಾಳುಗಳಾಗಿ ಮಲಗಿಸಿದ್ದರು. ಒಬ್ಬ ಹುಡುಗ ಕಾಲು ಹಿಡಿದುಕೊಂಡು ಯಕ್ಷಗಾನದ ರಕ್ಕಸ ಬಂದ ಹಾಗೆ ಅಬ್ಬರಿಸುತ್ತಿದ್ದ. ನಾನು ಓಡಿ ಹೋಗಿ ಅವನಿಗೆ ಕೆಂಪು ಚೀಟಿ ಕಟ್ಟಿದೆ. ಅವನ ಪಕ್ಕದಲ್ಲೇ ಒಬ್ಬಳು ಕಣ್ಣು ಅರ್ಧ ಮುಚ್ಚಿ ಮಲಗಿದ್ದಳು. ಅವಳ ಎದೆಯ ಮೇಲೆ ಪಿನ್ ಮಾಡಿದ್ದ ಕಾಗದದಲ್ಲಿ "ಉಸಿರು 36" ಅಂತ ಇತ್ತು. ನಾನು ನೋಡಲೇ ಇಲ್ಲ. ಮೇಡಂ ಬಂದು, "ಕೂಗುವವನಿಗೆ ಕೂಗುವಷ್ಟು ಉಸಿರಿದೆ, ಸುಮ್ಮನಿದ್ದವರ ಹತ್ತಿರ ಮೊದಲು ಹೋಗು" ಅಂದರು. ನಿಮ್ಮ ನಾಟಕದಲ್ಲೂ ಇದನ್ನು ಬಳಸಿ. ರಂಗದ ಮೇಲೆ ಕೂಗುವ ಪಾತ್ರದ ಮೇಲೆ ಎಲ್ಲರ ಕಣ್ಣಿರುತ್ತದೆ. ಸಾಯುತ್ತಿರುವ ಪಾತ್ರವನ್ನು ಅದರ ಪಕ್ಕದಲ್ಲಿ, ಬೆಳಕು ಸರಿಯಾಗಿ ಬೀಳದ ಕಡೆ ಮಲಗಿಸಿ.

ಯುದ್ಧದಲ್ಲಿ ಇನ್ನೊಂದು ಕಷ್ಟ ಇದೆ. ಕೆಲವು ಸಂದರ್ಭದಲ್ಲಿ ಈ ಕ್ರಮವನ್ನೇ ತಲೆಕೆಳಗು ಮಾಡುತ್ತಾರೆ. ಬೇಗ ವಾಸಿಯಾಗಿ ಮತ್ತೆ ಬಂದೂಕು ಹಿಡಿಯಬಲ್ಲವರಿಗೆ ಮೊದಲು ಚಿಕಿತ್ಸೆ. ಡಾಕ್ಟರ್ ಒಂದು ಹೇಳುತ್ತಾನೆ, ಕಮಾಂಡರ್ ಇನ್ನೊಂದು ಹೇಳುತ್ತಾನೆ. ಶತ್ರು ಸೈನಿಕನೊಬ್ಬ ಅದೇ ಸಾಲಿನಲ್ಲಿ ಮಲಗಿದ್ದರೆ? 1949ರ ಜಿನೀವಾ ಒಪ್ಪಂದದ 12ನೇ ವಿಧಿ ಇಲ್ಲಿ ಸ್ಪಷ್ಟವಾಗಿದೆ. ಯಾರಿಗೆ ಮೊದಲು ಅನ್ನುವುದನ್ನು ವೈದ್ಯಕೀಯ ತುರ್ತು ಮಾತ್ರ ತೀರ್ಮಾನಿಸಬೇಕು. ಶತ್ರುವಿನ ಚೀಟಿ ಕೆಂಪು, ನಮ್ಮವನದು ಹಳದಿ ಆದರೆ ಶತ್ರು ಒಳಗೆ ಹೋಗುತ್ತಾನೆ.

ವೇಷ ಕಟ್ಟದೆ, ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಲೆಗೆ ಇದು ಹೇಳಿ ಮಾಡಿಸಿದ ಪ್ರಸಂಗ ಅಲ್ವಾ? ನನಗೆ ಸಂಜೀವಿನಿಯ ಕಥೆ ನೆನಪಾಯಿತು. ನಮ್ಮಲ್ಲಿ ಯುದ್ಧಭೂಮಿಯ ವೈದ್ಯಕೀಯ ಕಥೆ ಅಂದರೆ ಅದೇ. ಲಕ್ಷ್ಮಣ ಬಿದ್ದಿದ್ದಾನೆ, ಸೂರ್ಯ ಹುಟ್ಟುವುದರೊಳಗೆ ಔಷಧಿ ಬರಬೇಕು. ತರಲು ಹೋದವನಿಗೆ ಗಿಡದ ಗುರುತು ಸಿಗಲಿಲ್ಲ, ಬೆಟ್ಟವನ್ನೇ ಹೊತ್ತು ತಂದ. ವೈದ್ಯ ಯಾರು? ವಾಲ್ಮೀಕಿಯಲ್ಲಿ ಸುಷೇಣ ವಾನರ. ಆಮೇಲೆ ಜನರಲ್ಲಿ ಹರಡಿದ ಕಥೆಯಲ್ಲಿ ಅವನು ಲಂಕೆಯ ವೈದ್ಯ, ಶತ್ರುವಿನ ಊರಿನವನು. ಹೀಗೆ ಬದಲಾಯಿಸಿದವರಿಗೆ ನಾಟಕ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ಎಣಿಕೆ. ಒಬ್ಬ ಒಳ್ಳೆಯ ಅರ್ಥಧಾರಿಗೆ ಈ ಸುಷೇಣನನ್ನು ಕೊಟ್ಟು ನೋಡಿ. "ನಾಡಿ ಹಿಡಿದರೆ ಪಿತ್ತ ಗೊತ್ತಾಗುತ್ತದೆ, ವಾತ ಗೊತ್ತಾಗುತ್ತದೆ. ಯಾವ ಪಕ್ಷದವನು ಅಂತ ಗೊತ್ತಾಗುವುದಿಲ್ಲ" ಅಂತ ಶುರು ಮಾಡಿದರೆ ಅರ್ಧ ರಾತ್ರಿ ಕಳೆಯುತ್ತದೆ. ಯಂತ್ರಕ್ಕಿಂತ ಇಲ್ಲಿಂದ ಹೊರಟರೆ ನಮ್ಮ ಕಥೆ ನಮ್ಮದಾಗಿ ಕಾಣುತ್ತದೆ.

ಇನ್ನು ದೂರದ ಮಾತು. ದೂರ ಅಂದರೇನು ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಲೆಗೆ ದೊಡ್ಡ ಪೆಟ್ಟಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದರೆ ಅದೂ ಇಲ್ಲ. ಆಂಬುಲೆನ್ಸ್ ಹಿಂದಿನ ಸೀಟಿನಲ್ಲಿ ಕೂತು ದಾರಿ ಎಣಿಸಿದವರು ಪ್ರತಿ ಮನೆಯಲ್ಲೂ ಇದ್ದಾರೆ. ಆ ಅನುಭವವನ್ನೇ ಆಕಾಶಕ್ಕೆ ಒಯ್ಯಿರಿ. ದೂರದಿಂದ ರೋಬೋ ನಡೆಸಿ ಆಪರೇಷನ್ ಮಾಡುವುದು ಹಳೆಯ ಸಂಗತಿ. 2001ರಲ್ಲೇ ನ್ಯೂಯಾರ್ಕ್‌ನಲ್ಲಿ ಕೂತ ಸರ್ಜನ್, ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ರೋಗಿಯ ಪಿತ್ತಕೋಶ ತೆಗೆದರು. ಸಿಗ್ನಲ್ ಹೋಗಿ ಬರಲು ಹಿಡಿದದ್ದು ಸುಮಾರು 0.15 ಸೆಕೆಂಡ್. ಚಂದ್ರನಿಗೆ ಹೋಗಿ ಬರಲು ಸುಮಾರು 2.6 ಸೆಕೆಂಡ್ ಬೇಕು. ಮಂಗಳಕ್ಕೆ ಹೋಗಲೇ 3ರಿಂದ 22 ನಿಮಿಷ. ತೊಡೆಯ ದೊಡ್ಡ ರಕ್ತನಾಳ ಕಡಿದವನು ಕೆಲವೇ ನಿಮಿಷದಲ್ಲಿ ಹೋಗಿಬಿಡಬಹುದು. ಭೂಮಿಯ ಸರ್ಜನ್‌ಗೆ ರಕ್ತ ಕಾಣುವ ಹೊತ್ತಿಗೆ ಅದು ಚಿಮ್ಮುವುದು ನಿಂತಿರುತ್ತದೆ. ಹಾಗಾಗಿ ಮಂಗಳದ ಆಸ್ಪತ್ರೆಯಲ್ಲಿ ಮನುಷ್ಯ ಸರ್ಜನ್ ಇರಲೇಬೇಕು. ಅವನಿಗೆ ನಿದ್ದೆ ಬರುತ್ತದೆ, ಕೈ ನಡುಗುತ್ತದೆ.

ರಕ್ತದ ವಿಷಯ ಚುಟುಕಾಗಿ ಹೇಳುತ್ತೇನೆ. ತೂಕವಿಲ್ಲದ ಜಾಗದಲ್ಲಿ ಗಾಯದ ರಕ್ತ ಹರಿದು ಬೀಳುವುದಿಲ್ಲ, ಗುಮ್ಮಟದ ಹಾಗೆ ಅಲ್ಲೇ ಉಬ್ಬಿ ನಿಲ್ಲುತ್ತದೆ. ಸಂಗ್ರಹಿಸಿದ ಕೆಂಪು ರಕ್ತಕಣವನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೆಚ್ಚೆಂದರೆ 42 ದಿನ. ಫ್ರಿಜ್ ಕೆಟ್ಟರೆ ಕಥೆಗೆ ಬೇರೆ ಖಳನಾಯಕ ಬೇಡ.

ನಿಜದ ಉದಾಹರಣೆ ಬೇಕು ಅಂದವರಿಗೆ ಒಂದು ಕೊಡುತ್ತೇನೆ. ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ್ದು ಒಂದು ವೈದ್ಯಕೀಯ ತುಕಡಿ, 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್. ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್. 1950ರ ಕೊನೆಗೆ ಪ್ಯೊಂಗ್ಯಾಂಗ್‌ನಿಂದ ಎಲ್ಲರೂ ಹಿಂದೆ ಸರಿಯುತ್ತಿದ್ದಾಗ ಇವರಿಗೆ ಸಾಮಾನು ಸಾಗಿಸಲು ವಾಹನ ಇರಲಿಲ್ಲ. ಸಾಮಾನು ಬಿಟ್ಟು ಹೋದರೆ ಆಸ್ಪತ್ರೆಯೇ ಇಲ್ಲ. ಯಾರೋ ಬಿಟ್ಟು ಹೋದ ರೈಲು ಎಂಜಿನ್ ಹುಡುಕಿ, ಸಾಲಾಗಿ ನಿಂತು ಬಕೆಟ್‌ನಲ್ಲಿ ನೀರು ತುಂಬಿ, ತಾವೇ ಓಡಿಸಿಕೊಂಡು ದಕ್ಷಿಣಕ್ಕೆ ಬಂದರು. 1951ರ ಮಾರ್ಚ್‌ನಲ್ಲಿ ಅಮೆರಿಕದ ಸೈನಿಕರ ಜೊತೆ ಪ್ಯಾರಾಶೂಟ್ ಕಟ್ಟಿಕೊಂಡು ಮುನ್ಸಾನ್ ಬಳಿ ಇಳಿದರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ನನಗೆ ಇದರಲ್ಲಿ ಹಿಡಿಸಿದ್ದು ಪ್ಯಾರಾಶೂಟ್‌ಗಿಂತ ಬಕೆಟ್. ಅಂತರಿಕ್ಷ ನೌಕೆಯ ಕಥೆಯಲ್ಲೂ ಒಂದು ಬಕೆಟ್ ಇರಲಿ.

ಅಭ್ಯಾಸಕ್ಕೆ ಎಲ್ಲರಿಗೂ ಒಂದೇ ಸನ್ನಿವೇಶ ಕೊಟ್ಟಿದ್ದೆ. ಕಾರವಾರದ ಆಚೆ ಸಮುದ್ರದಲ್ಲಿ ನಿಂತ ಆಸ್ಪತ್ರೆ ಹಡಗು, ಕಾಲು ಉಳಿಸುವ ಯಂತ್ರ ಒಂದು, ಒಬ್ಬರಿಗೆ 40 ನಿಮಿಷ. ಒಂದು ಸುಳಿವು ಮಾತ್ರ ಹೇಳಿದ್ದೆ. ರಕ್ತ ನಿಲ್ಲಿಸಲು ಕೈಗೋ ಕಾಲಿಗೋ ಟೂರ್ನಿಕೆಟ್ ಅನ್ನುವ ಪಟ್ಟಿ ಬಿಗಿದಾಗ, ಬಿಗಿದ ಹೊತ್ತನ್ನು ಬರೆದಿಡುತ್ತಾರೆ, ಎಷ್ಟೋ ಸಲ ಹಣೆಯ ಮೇಲೇ. ಎರಡು ಗಂಟೆ ದಾಟಿದರೆ ಆ ಕೈಗೋ ಕಾಲಿಗೋ ಅಪಾಯ ಏರುತ್ತಾ ಹೋಗುತ್ತದೆ.

ಉಳಿದವರು ನಾಲ್ಕು ಐದು ಪುಟ ಬರೆದು ತಂದರು. ಶಿರಸಿಯ ಗೆಳತಿ ತಂದದ್ದು ಅರ್ಧ ಪುಟ. ಸಿಸ್ಟರ್ ಟಾರ್ಚ್ ಹಿಡಿದು ಒಬ್ಬೊಬ್ಬರ ಹಣೆ ಓದುತ್ತಾ ಬರುತ್ತಾಳೆ. ಕೊನೆಯ ಹಾಸಿಗೆಯವನು ಬೇರೆ ಯೂನಿಫಾರ್ಮ್‌ನವನು. ಬೆವರಿಗೆ ಅರ್ಧ ಅಳಿಸಿದ ಇಂಕಿನಲ್ಲಿ 4.10 ಅಂತ ಇದೆ. ಗೋಡೆಯ ಗಡಿಯಾರದಲ್ಲಿ 5.35. ಯಂತ್ರದೊಳಗೆ ಈಗಷ್ಟೇ ಒಬ್ಬನನ್ನು ಮಲಗಿಸಿದ್ದಾರೆ.

"ಮುಂದೆ?" ಅಂತ ಕೇಳಿದೆ. "ಲೆಕ್ಕ ಹಾಕ್ತಾ ಇದ್ದೆ, ಅಷ್ಟ್ರಲ್ಲಿ ಬಸ್ ಬಂತು" ಅಂದಳು.