ಮುಟ್ಟು ತಡವಾದಾಗ ನಿಜಕ್ಕೂ ತಡವಾಗಿರುವುದು ಯಾವುದು?

ಮುಟ್ಟು ಒಂದು ವಾರ ತಡವಾದರೆ ಎಲ್ಲರೂ ದೂರುವುದು ಗರ್ಭಕೋಶವನ್ನು. ಪಾಪ, ಅದರದ್ದೇನೂ ತಪ್ಪಿಲ್ಲ. ಗರ್ಭ ನಿಂತಿಲ್ಲ ಅಂತ ಖಾತ್ರಿಯಿದ್ದರೆ, ಸಾಮಾನ್ಯವಾಗಿ ತಡವಾಗಿರುವುದು ಅದಕ್ಕೂ ಎರಡು ವಾರ ಮೊದಲು ಅಂಡಾಶಯದಲ್ಲಿ ಆಗಬೇಕಿದ್ದ ಒಂದು ಕೆಲಸ: ಅಂಡ ಹೊರಬೀಳುವುದು.

ಇದೆಲ್ಲ ಶುರುವಾಗುವುದು ತಲೆಯಲ್ಲಿ. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್, ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನನ್ನು ಗಂಟೆಗೋ ಒಂದೂವರೆ ಗಂಟೆಗೋ ಒಮ್ಮೆ, ಬಾಗಿಲು ತಟ್ಟಿದ ಹಾಗೆ, ಸ್ವಲ್ಪ ಸ್ವಲ್ಪ ಬಿಡುತ್ತದೆ. ಈ ಹಾರ್ಮೋನಿನ ರಚನೆ ಕಂಡುಹಿಡಿದ ರೋಜರ್ ಗಿಲ್ಮಾ ಮತ್ತು ಆಂಡ್ರ್ಯೂ ಶಾಲಿಗೆ 1977ರಲ್ಲಿ ನೊಬೆಲ್ ಬಂತು. ನನಗೆ ಅದಕ್ಕಿಂತ ಮಜಾ ಅನ್ನಿಸುವುದು ಆಮೇಲೆ ಕೋತಿಗಳಲ್ಲಿ ಗೊತ್ತಾದ ಸಂಗತಿ. ಇದೇ ಹಾರ್ಮೋನನ್ನು ಬಿಡುವಿಲ್ಲದೆ ಹರಿಸಿದರೆ, ಅದರ ಅಪ್ಪಣೆ ಕೇಳುವ ಪಿಟ್ಯುಟರಿ, ಅಂದರೆ ಹೈಪೊಥಲಾಮಸ್‌ನ ಕೆಳಗೇ ಇರುವ ಪುಟ್ಟ ಗ್ರಂಥಿ, ಈ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ! ಎಷ್ಟು ಬರುತ್ತದೆ ಅನ್ನುವಷ್ಟೇ, ಯಾವ ಲಯದಲ್ಲಿ ಬರುತ್ತದೆ ಅನ್ನುವುದೂ ಮುಖ್ಯ.

ಲಯ ಸರಿಯಿದ್ದರೆ ಪಿಟ್ಯುಟರಿ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಅನ್ನೋ ಎರಡು ಹಾರ್ಮೋನುಗಳನ್ನು ಅಂಡಾಶಯಕ್ಕೆ ಕಳಿಸುತ್ತದೆ. ಅಂಡಾಶಯದಲ್ಲಿ ಕೆಲವು ಕೋಶಿಕೆಗಳು, ಅಂದರೆ ಒಂದೊಂದು ಅಂಡ ಇಟ್ಟುಕೊಂಡ ಪುಟ್ಟ ಚೀಲಗಳು, ಬೆಳೆಯತೊಡಗುತ್ತವೆ. ಅವು ಈಸ್ಟ್ರೋಜನ್ ಅನ್ನೋ ಹಾರ್ಮೋನು ಸುರಿಸುತ್ತವೆ, ಈಸ್ಟ್ರೋಜನ್ ಏರಿದಂತೆ ಎಫ್‌ಎಸ್‌ಎಚ್ ಇಳಿಯುತ್ತದೆ, ಆ ಕಮ್ಮಿ ಎಫ್‌ಎಸ್‌ಎಚ್‌ನಲ್ಲೂ ಬದುಕಬಲ್ಲ ಒಂದೇ ಒಂದು ಕೋಶಿಕೆ ಉಳಿದು ಮಿಕ್ಕವು ಸಾಮಾನ್ಯವಾಗಿ ಸೊರಗಿಹೋಗುತ್ತವೆ.

ಈಗ ಬರುತ್ತದೆ ವಿಚಿತ್ರ. ಇಲ್ಲಿಯವರೆಗೆ ಪಿಟ್ಯುಟರಿಯನ್ನು ತಡೆಹಿಡಿದಿದ್ದ ಅದೇ ಈಸ್ಟ್ರೋಜನ್, ಸುಮಾರು ಎರಡು ದಿನ ಮೇಲ್ಮಟ್ಟದಲ್ಲೇ ನಿಂತರೆ, ಅದನ್ನು ಹುರಿದುಂಬಿಸಲು ಶುರುಮಾಡುತ್ತದೆ. ಎಲ್‌ಎಚ್ ಒಮ್ಮೆಲೇ ಉಕ್ಕುತ್ತದೆ. ಅದಾಗಿ ಸುಮಾರು 36 ಗಂಟೆಗೆ ಕೋಶಿಕೆ ಒಡೆದು ಅಂಡ ಹೊರಗೆ. ಅಂಡನಾಳ ಅಂಡಾಶಯಕ್ಕೆ ನೇರವಾಗಿ ಅಂಟಿಕೊಂಡಿಲ್ಲ ಗೊತ್ತಾ? ನಾಳದ ತುದಿಯ ಎಳೆಗಳೇ ಅಂಡವನ್ನು ಒಳಗೆಳೆದುಕೊಳ್ಳಬೇಕು. ಅಂಡದ ಆಯಸ್ಸು ಹೆಚ್ಚೆಂದರೆ ಒಂದು ದಿನ.

ಒಡೆದ ಕೋಶಿಕೆ ಸುಮ್ನೆ ಹೋಗುವುದಿಲ್ಲ. ಕಾರ್ಪಸ್ ಲೂಟಿಯಂ ಅನ್ನೋ ತಾತ್ಕಾಲಿಕ ಗ್ರಂಥಿಯಾಗಿ ಬದಲಾಗಿ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಸುರಿಸುತ್ತದೆ. ಗರ್ಭಕೋಶದ ಒಳಪದರ ಭ್ರೂಣಕ್ಕೆ ಸಜ್ಜಾಗುತ್ತದೆ, ಮೈಯ ಬಿಸಿಯೂ ಒಂಚೂರು ಏರುತ್ತದೆ. ಭ್ರೂಣ ನೆಲೆಯೂರಿದರೆ ಅದರ ಎಚ್‌ಸಿಜಿ ಹಾರ್ಮೋನು ಕಾರ್ಪಸ್ ಲೂಟಿಯಂ ಅನ್ನು ಉಳಿಸುತ್ತದೆ. ಪ್ರೆಗ್ನೆನ್ಸಿ ಟೆಸ್ಟ್ ಹುಡುಕುವುದೂ ಇದನ್ನೇ. ಭ್ರೂಣ ನೆಲೆಯೂರದಿದ್ದರೆ ಕಾರ್ಪಸ್ ಲೂಟಿಯಂ ಸುಮಾರು 14 ದಿನಕ್ಕೆ ಬಾಡುತ್ತದೆ. ಪ್ರೊಜೆಸ್ಟರಾನ್ ಕುಸಿಯುತ್ತದೆ, ಒಳಪದರದಲ್ಲಿ ತಯಾರಾಗುವ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕಗಳು ಗರ್ಭಕೋಶವನ್ನು ಹಿಂಡುತ್ತವೆ, ಒಳಪದರ ಕಳಚುತ್ತದೆ. ಮುಟ್ಟಿನ ಹೊಟ್ಟೆನೋವಿಗೆ ಮೆಫೆನಮಿಕ್ ಆಮ್ಲದ ಮಾತ್ರೆ ಕೆಲಸ ಮಾಡುವುದು ಈ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನೇ ತಡೆದು.

ಅಂಡ ಬಿದ್ದ ಮೇಲಿನ ಈ ಭಾಗ ಹೆಚ್ಚುಕಡಿಮೆ ಒಂದೇ ಅಳತೆಯದ್ದು, ಒಂದೆರಡು ದಿನ ಆಚೀಚೆ ಅಷ್ಟೇ. ಎಳೆದರೆ ಹಿಗ್ಗುವುದು ಅಂಡ ಬೀಳುವುದಕ್ಕೆ ಮೊದಲಿನ ಭಾಗ. ಜ್ವರ, ಚಿಂತೆ, ವಿಪರೀತ ಉಪವಾಸ, ಮಿತಿಮೀರಿದ ವ್ಯಾಯಾಮ ಇವೆಲ್ಲ ಹೈಪೊಥಲಾಮಸ್‌ನ ಲಯವನ್ನು ನಿಧಾನ ಮಾಡಬಹುದು. ಕೋಶಿಕೆ ಬೆಳೆಯುವುದೇ ತಡ, ಅಂಡ ತಡ, ಕೊನೆಗೆ ಮುಟ್ಟೂ ತಡ. ಹಾಗಾಗಿ 'ಎಲ್ಲರಿಗೂ 14ನೇ ದಿನ ಅಂಡ ಬಿಡುಗಡೆ' ಅನ್ನೋ ಲೆಕ್ಕ ನಂಬಿ ಕೂರಬೇಡಿ. 35 ದಿನದ ಚಕ್ರದಲ್ಲಿ ಅದು 21ನೇ ದಿನದ ಹೊತ್ತಿಗೆ ಆಗುತ್ತದೆ, ಅದೂ ಸಹಜವೇ. ಮೂರು ತಿಂಗಳು ಮುಟ್ಟೇ ಇಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಿ.

ಗರ್ಭನಿರೋಧಕ ಮಾತ್ರೆ ತಿನ್ನುವವರ ಕಥೆ ಬೇರೆ. ಮಾತ್ರೆಯ ಹಾರ್ಮೋನುಗಳು ಎಲ್‌ಎಚ್ ಉಕ್ಕುವುದನ್ನೇ ತಡೆಯುತ್ತವೆ, ಅಂಡ ಬಿಡುಗಡೆಯಾಗುವುದಿಲ್ಲ. ಪ್ರತಿ ತಿಂಗಳು ಮಾತ್ರೆಗೆ ಬಿಡುವು ಕೊಡುವ ಏಳು ದಿನಗಳಲ್ಲಿ ಕಾಣುವ ರಕ್ತ, ಆ ಹಾರ್ಮೋನು ನಿಂತದ್ದಕ್ಕೆ ಒಳಪದರ ಕಳಚಿದ್ದು ಅಷ್ಟೇ.