ಹುಲ್ಲುಗಾವಲಿನ ಹಕ್ಕಿಬೇಟೆ: ಕೋವಿಗಿಂತ ಮೊದಲು ಬೂಟು

ಅಮೆರಿಕದ ಮಿನ್ನೆಸೋಟದಲ್ಲಿ ನಾನು ನಡೆಸುವ ಬೇಟೆ ಸುರಕ್ಷತೆಯ ತರಗತಿಗೆ ಸೆಪ್ಟೆಂಬರ್ ಬಂತೆಂದರೆ ಕೆಲವರು ಕನ್ನಡಿಗರೂ ಸೇರುತ್ತಾರೆ. ಅಕ್ಟೋಬರಿನಲ್ಲಿ ಆರಂಭವಾಗುವ ಫೆಸೆಂಟ್ (ಕೋಳಿಯ ಬಳಗದ ಕಾಡುಹಕ್ಕಿ) ಬೇಟೆಗೆ ಕಚೇರಿಯ ಗೆಳೆಯರು ಕರೆದಿರುತ್ತಾರೆ, ಯಾವ ಕೋವಿ ಕೊಳ್ಳಬೇಕು ಎಂಬುದೇ ಇವರ ಮೊದಲ ಪ್ರಶ್ನೆಯಾಗಿರುತ್ತದೆ. ಕೋವಿಯ ವಿಚಾರ ಕೊನೆಗಿರಲಿ, ಕೈಯಲ್ಲಿರುವ ಹಣದ ದೊಡ್ಡ ಪಾಲು ಬೂಟಿಗೆ, ಷರಾಯಿಗೆ ಮತ್ತು ಕನ್ನಡಕಕ್ಕೆ ಹೋಗಲಿ ಎಂಬುದು ನನ್ನ ಉತ್ತರ. ಜಿಂಕೆಗಾಗಿ ಅಟ್ಟಣೆಯ ಮೇಲೆ ಗಂಟೆಗಟ್ಟಲೆ ಅಲುಗಾಡದೆ ಕೂರುವವನಿಗೆ ಬೇಕಾದ ಉಡುಪು ಬೇರೆ, ಎದೆಮಟ್ಟದ ಹುಲ್ಲಿನಲ್ಲಿ ನಾಯಿಯ ಹಿಂದೆ ದಿನವಿಡೀ ನಡೆಯುವವನಿಗೆ ಬೇಕಾದ ಉಡುಪು ಬೇರೆ. ಅಂಗಡಿಯಲ್ಲಿ ಇವೆರಡನ್ನೂ ಒಂದೇ ಸಾಲಿನಲ್ಲಿ ತೂಗುಹಾಕಿರುವುದರಿಂದ ಹೊಸಬರು ಹೆಚ್ಚಾಗಿ ಮೊದಲನೆಯದನ್ನೇ ಹೊತ್ತು ತರುತ್ತಾರೆ.

ಕಾನೂನಿನ ಮಾತನ್ನು ಆರಂಭದಲ್ಲೇ ಮುಗಿಸುತ್ತೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧವಾದ್ದರಿಂದ ಈ ಬರಹ ಅಮೆರಿಕದಲ್ಲಿ ನೆಲೆಸಿದವರಿಗೆ ಮಾತ್ರ. ಮಿನ್ನೆಸೋಟದಲ್ಲಿ 1979ರ ಡಿಸೆಂಬರ್ 31ರ ನಂತರ ಹುಟ್ಟಿದವರು ಬೇಟೆಯ ಪರವಾನಗಿ ಪಡೆಯಲು ಸುರಕ್ಷತಾ ತರಬೇತಿಯ ಪ್ರಮಾಣಪತ್ರ ತೋರಿಸಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ ಕಾಡತೂಸನ್ನಾಗಲಿ ಹೊಂದುವುದನ್ನು ಅಲ್ಲಿನ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ಇದಕ್ಕೆ ವಿನಾಯಿತಿ ಉಂಟು. ಆದ್ದರಿಂದ ಪರವಾನಗಿ ಕೈಗೆ ಬರುವ ಮೊದಲು ಗೆಳೆಯನ ಕೋವಿಯನ್ನು ಹಿಡಿದು ನೋಡುವುದೂ ಬೇಡ, ಸಂದೇಹವಿದ್ದವರು ವಕೀಲರನ್ನು ಕೇಳಲಿ.

ಇನ್ನು ಬೂಟು. ಅಕ್ಟೋಬರಿನ ಬೆಳಗ್ಗೆ ಹುಲ್ಲಿನ ಮೇಲೆ ಹಿಮದ ಪುಡಿ ಕೂತಿರುತ್ತದೆ. ಫೆಸೆಂಟ್ ಬೇಟೆ ಕಾನೂನಿನಂತೆ ಶುರುವಾಗುವ ಒಂಬತ್ತು ಗಂಟೆಯ ಹೊತ್ತಿಗೆ ಅದು ಕರಗತೊಡಗಿ, ಮಳೆಯಿಲ್ಲದ ದಿನವೂ ಮೊಣಕಾಲಿನವರೆಗೆ ತೊಪ್ಪೆಯಾಗುವಂತೆ ಮಾಡುತ್ತದೆ. ನೀರು ನಿರೋಧಕ ಪದರವಿರುವ ಎಂಟು ಇಂಚು ಎತ್ತರದ ಚರ್ಮದ ಬೂಟು ಇದಕ್ಕೆ ಸಾಕು, ಆದರೆ ನೀರು ಒಳಹೋಗುವುದು ಹೆಚ್ಚಾಗಿ ಚರ್ಮದ ಮೂಲಕವಲ್ಲ, ನೆನೆದ ಷರಾಯಿಯಿಂದ ಕಾಲುಚೀಲಕ್ಕೆ ಇಳಿದು ಮೇಲಿನ ಬಾಯಿಯಿಂದ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಷರಾಯಿಯ ಅಂಚು ಬೂಟಿನ ಹೊರಗೇ ಇರಬೇಕು, ಅದರ ಮೇಲೊಂದು ಗೇಟರ್ (ಬೂಟಿನಿಂದ ಮೊಣಕಾಲಿನವರೆಗೆ ಸುತ್ತುವ ಹೊದಿಕೆ) ಕಟ್ಟಿಕೊಂಡರೆ ಇನ್ನೂ ಉತ್ತಮ. ಒಳಗೆ ದಪ್ಪ ಬೆಚ್ಚನೆಯ ಅಸ್ತರಿರುವ ಬೂಟನ್ನು ನಡೆಯುವವರು ಕೊಳ್ಳಬಾರದು. ಮೊದಲ ಗಂಟೆಯಲ್ಲೇ ಪಾದ ಬೆವರಿ, ಆ ಬೆವರೇ ಮಧ್ಯಾಹ್ನದ ಚಳಿಗೆ ಕಾರಣವಾಗುತ್ತದೆ. ಹತ್ತಿಯ ಕಾಲುಚೀಲ ಒದ್ದೆಯಾದರೆ ಒಣಗುವುದಿಲ್ಲ, ಬೊಬ್ಬೆಗೆ ಮೂಲವೂ ಅದೇ. ಮೆರಿನೋ ಉಣ್ಣೆಯದನ್ನು ಎರಡು ಜೊತೆ ಇಟ್ಟುಕೊಂಡು ಊಟದ ಹೊತ್ತಿಗೆ ಬದಲಾಯಿಸಿಕೊಳ್ಳಬೇಕು.

ಬೂಟನ್ನು ಸಂಜೆಯ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಬೇಟೆಗೆ ಹಾಕುವ ಕಾಲುಚೀಲವನ್ನೇ ತೊಟ್ಟು ಹಾಕಿ ನೋಡಬೇಕು. ಅಂಗಡಿಯಲ್ಲಿ ಇಳಿಜಾರು ಹಲಗೆಯಿದ್ದರೆ ಅದರ ಮೇಲೆ ಕೆಳಮುಖವಾಗಿ ನಿಂತು ನೋಡಿ: ಹೆಬ್ಬೆರಳು ತುದಿಗೆ ತಾಗಿದರೆ ಅಳತೆ ಚಿಕ್ಕದು, ಹತ್ತುವಾಗ ಹಿಮ್ಮಡಿ ಎದ್ದುಬಂದರೆ ದೊಡ್ಡದು. ಹೊಸ ಬೂಟನ್ನು ಬೇಟೆಯ ಬೆಳಗ್ಗೆ ಮೊದಲ ಬಾರಿಗೆ ತೊಡುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ, ಮಧ್ಯಾಹ್ನ ಅವರು ಕಾರಿನಲ್ಲೇ ಉಳಿಯುತ್ತಾರೆ.

ಷರಾಯಿಯ ಮುಂಭಾಗ ತೊಡೆಯಿಂದ ಪಾದದವರೆಗೆ ಗಟ್ಟಿ ನೈಲಾನಿನದೋ ಮೇಣ ಹಚ್ಚಿದ ಹತ್ತಿಯದೋ ಆಗಿದ್ದು, ಹಿಂಭಾಗ ಹಗುರವಾಗಿರಬೇಕು. ಮೇಣದ ಬಟ್ಟೆ ನೋಡಲು ಚೆಂದ, ಆದರೆ ಚಳಿಯಲ್ಲಿ ಸೆಟೆದುಕೊಳ್ಳುತ್ತದೆ, ಆಗಾಗ ಮತ್ತೆ ಮೇಣ ಹಚ್ಚಬೇಕಾಗುತ್ತದೆ. ನನ್ನ ಒಲವು ನೈಲಾನಿನ ಕಡೆಗೆ. ಕೊಳ್ಳುವ ಮುನ್ನ ಒಂದು ಕಾಲನ್ನು ಮುಳ್ಳುತಂತಿಯ ಬೇಲಿ ದಾಟುವಷ್ಟು ಎತ್ತಿ ನೋಡಿ, ತೊಡೆಸಂದಿಯಲ್ಲಿ ಬಿಗಿದರೆ ಆ ಷರಾಯಿ ಬೇಡ.

ಮೇಲುಡುಪು ಎಷ್ಟು ದಪ್ಪವಿರಬೇಕೆಂದರೆ, ಕಾರಿನಿಂದ ಇಳಿದು ನಿಂತಾಗ ತುಸು ಚಳಿ ಎನಿಸಬೇಕು. ಆಗ ಬೆಚ್ಚಗಿರುವವನು ಅರ್ಧ ಗಂಟೆಯಲ್ಲಿ ಬೆವರಿ ನೆನೆದಿರುತ್ತಾನೆ. ಮೈಗೆ ಉಣ್ಣೆಯ ತೆಳು ಅಂಗಿ, ಮೇಲೊಂದು ಗಾಳಿ ತಡೆಯುವ ಅಂಗಿ, ಅದರ ಮೇಲೆ ಬೇಟೆಯ ವೆಸ್ಟ್: ಅಕ್ಟೋಬರಿಗೆ ಇಷ್ಟು ಸಾಕು. ಡಿಸೆಂಬರಿನಲ್ಲಿ ದಪ್ಪ ಜಾಕೆಟ್ ಅನಿವಾರ್ಯವಾದಾಗ ಬೇರೊಂದು ತೊಡಕು ಎದುರಾಗುತ್ತದೆ. ತೆಳು ಅಂಗಿಯಲ್ಲಿ ಸರಿಹೊಂದಿದ್ದ ಕೋವಿಯ ಹಿಂಬುಡ ಈಗ ಭುಜಕ್ಕೆ ಏರಿಸುವಾಗ ಕಂಕುಳ ಬಳಿ ಸಿಕ್ಕಿಕೊಳ್ಳುತ್ತದೆ, ಏಕೆಂದರೆ ಬಟ್ಟೆಯ ದಪ್ಪದಷ್ಟೂ ಕೋವಿ ಉದ್ದವಾದಂತಾಗಿರುತ್ತದೆ. ಜಾಕೆಟ್ ಕೊಳ್ಳುವಾಗ ಕೈಗಳನ್ನು ಮುಂದೆ ಚಾಚಿ ಭುಜದ ಸಂದು ಎಲ್ಲಿ ಹಿಡಿಯುತ್ತದೆಂದು ನೋಡುವುದು ಈ ಕಾರಣಕ್ಕೆ.

ಹೊಳೆಯುವ ಕಿತ್ತಳೆ ಬಣ್ಣದ ವಿಷಯದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಮಿನ್ನೆಸೋಟದಲ್ಲಿ ಫೆಸೆಂಟ್ ಬೇಟೆಗಾರನ ಸೊಂಟದ ಮೇಲ್ಭಾಗದಲ್ಲಿ ಹೊರಗೆ ಕಾಣುವ ಒಂದು ಉಡುಪಾದರೂ ಕಿತ್ತಳೆ ಅಥವಾ ಹೊಳೆಯುವ ಗುಲಾಬಿ ಬಣ್ಣದ್ದಾಗಿರಬೇಕು. ಪಕ್ಕದ ದಕ್ಷಿಣ ಡಕೋಟದಲ್ಲಿ ಫೆಸೆಂಟ್ ಬೇಟೆಗೆ ಇದು ಕಡ್ಡಾಯವಲ್ಲ, ಆದರೂ ತೊಡದವರ ಜೊತೆ ನಾನು ನಡೆಯುವುದಿಲ್ಲ. ಕಾನೂನಿಗೆ ವೆಸ್ಟ್ ಸಾಕಾದರೂ ಜೌಗಿನ ಜೊಂಡು ಆಳೆತ್ತರ ಬೆಳೆಯುವುದರಿಂದ ಅಲ್ಲಿ ಪಕ್ಕದವನಿಗೆ ಕಾಣುವುದು ಟೋಪಿಯೊಂದೇ, ಹಾಗಾಗಿ ಟೋಪಿಯೂ ಕಿತ್ತಳೆಯಾಗಿರಲಿ. ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೀರಿ ಕಾಣುವ ಬೆಳಕಾಗಿ ಹೊರಚೆಲ್ಲುವುದರಿಂದ ಈ ಬಣ್ಣ ಮೋಡದ ದಿನವೂ ಎದ್ದು ಕಾಣುತ್ತದೆ. ಬಿಸಿಲಿಗೂ ಒಗೆತಕ್ಕೂ ಆ ಗುಣ ಕುಂದುತ್ತದೆ, ಹಳೆಯ ಟೋಪಿಯನ್ನು ಹೊಸದರ ಪಕ್ಕ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಹಕ್ಕಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಹುಲ್ಲಿನೊಳಗೆ ಅಡಗಿದ ಫೆಸೆಂಟನ್ನು ನಾಯಿ ಎಬ್ಬಿಸುವುದರಿಂದ ಬೇಟೆಗಾರ ಮರೆಯಾಗಿರಬೇಕಾದ ಅಗತ್ಯವಿಲ್ಲ.

ಕಿತ್ತಳೆಯೊಂದೇ ರಕ್ಷೆಯೂ ಅಲ್ಲ. 2006ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ ಲಾವಕ್ಕಿ ಬೇಟೆಯಾಡುತ್ತಿದ್ದ ಅಂದಿನ ಉಪಾಧ್ಯಕ್ಷ ಡಿಕ್ ಚೇನಿ, ಹಾರುವ ಹಕ್ಕಿಯ ಜೊತೆ ಕೋವಿ ತಿರುಗಿಸಿದಾಗ ಸಂಗಡಿಗರೊಬ್ಬರ ಮುಖ, ಕತ್ತು, ಎದೆಗಳಿಗೆ ಕಾಡತೂಸಿನ ಸಣ್ಣ ಗುಂಡುಗಳು ಹೊಕ್ಕವು. ಇಳಿಸೂರ್ಯನ ಹೊತ್ತು ಅದು. ಇದಕ್ಕಾಗಿಯೇ ಕನ್ನಡಕವನ್ನು ನಾನು ಬೂಟಿನಷ್ಟೇ ಮೇಲಿಡುತ್ತೇನೆ. ಪಾಲಿಕಾರ್ಬೊನೇಟ್ ಗಾಜಿನ, ಆಘಾತ ತಡೆಯುವ ಗುಣಮಟ್ಟದ ಗುರುತಿರುವ ಕನ್ನಡಕ ದುಬಾರಿಯೇನಲ್ಲ, ಕಾಡಿನಲ್ಲಿ ಗ್ರೌಸ್ ಎಂಬ ಕೋಳಿಯಂಥ ಹಕ್ಕಿಯನ್ನು ಹುಡುಕುವಾಗ ಮುಖಕ್ಕೆ ಬಡಿಯುವ ರೆಂಬೆಯಿಂದಲೂ ಅದು ಕಣ್ಣು ಕಾಯುತ್ತದೆ. ಒಂದೇ ಕೋವಿಯ ಸದ್ದು 140 ಡೆಸಿಬೆಲ್ ಮೀರುತ್ತದೆ, ಅಷ್ಟು ಸದ್ದು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಸಂಗಡಿಗರ ಮಾತು ಕೇಳಿಸುತ್ತ ಸಿಡಿತವನ್ನಷ್ಟೇ ತಡೆಯುವ ಎಲೆಕ್ಟ್ರಾನಿಕ್ ಕಿವಿಗವಸು ಇಲ್ಲಿ ಒಪ್ಪುತ್ತದೆ.

ಉತ್ತರದ ಗ್ರೌಸ್ ಕಾಡುಗಳಿಗೆ ಹೋಗುವವರು ಉಣುಗನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಂಗನ ಕಾಯಿಲೆಯ ಭಯದಲ್ಲಿ ಉಣುಗು ದೂರವಿಡುವ ಡೆಪಾ ತೈಲ ಹಚ್ಚಿಕೊಂಡು ಕಾಡಿಗೆ ಹೋಗುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಕಪ್ಪುಕಾಲಿನ ಉಣುಗು ಹರಡುವುದು ಲೈಮ್ ಎಂಬ ಬ್ಯಾಕ್ಟೀರಿಯಾ ರೋಗವನ್ನು, ಬೆಳೆದ ಉಣುಗು ಅಕ್ಟೋಬರಿನ ಚಳಿಯಲ್ಲೂ ಚುರುಕಾಗಿಯೇ ಇರುತ್ತದೆ. ಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ಮೈಗಲ್ಲ, ಷರಾಯಿಗೆ ಮತ್ತು ಬೂಟಿಗೆ ಹಿಂದಿನ ದಿನವೇ ಸಿಂಪಡಿಸಿ ಒಣಗಿಸಬೇಕು. ಮನೆಯಲ್ಲಿ ಬೆಕ್ಕಿದ್ದರೆ ಒದ್ದೆ ಬಟ್ಟೆ ಅದಕ್ಕೆ ಸಿಗದಂತೆ ನೋಡಿಕೊಳ್ಳಿ, ಅದಕ್ಕೆ ಇದು ವಿಷ.

ವೆಸ್ಟ್ ಆರಿಸುವಾಗ ಭಾರ ಭುಜಕ್ಕೆ ಬೀಳದೆ ಸೊಂಟಕ್ಕೆ ಇಳಿಯುವಂಥದ್ದನ್ನು ಆರಿಸಿ. ಎರಡು ಬಾಟಲಿ ನೀರು, ಕಾಡತೂಸು, ಬೆನ್ನ ಹಿಂದಿನ ಚೀಲದಲ್ಲಿ ಎರಡು ಹುಂಜ (ಗಂಡು ಫೆಸೆಂಟ್) ಸೇರಿದಾಗ ತೂಕ ಅರಿವಾಗುತ್ತದೆ. ನೀರಿನಲ್ಲಿ ಹೆಚ್ಚಿನ ಪಾಲು ನಾಯಿಗೆ.

ಜೇಬಿನ ಕಾಡತೂಸಿನ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಗೇಜ್ ಎಂದರೆ ನಳಿಗೆಯ ಅಗಲದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಅಗಲ ಕಡಿಮೆ. 12 ಗೇಜಿನ ಕೋವಿಗೆ ತಪ್ಪಿ 20 ಗೇಜಿನ ಕಾಡತೂಸು ಹಾಕಿದರೆ ಅದು ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂಬದಿಯಿಂದ ನೋಡಿದವನಿಗೆ ಕೋವಿ ಖಾಲಿಯೆನಿಸಿ, ಅದರ ಹಿಂದೆ 12 ಗೇಜಿನದನ್ನು ತುಂಬಿ ಹಾರಿಸಿದರೆ ನಳಿಗೆ ಕೈಯಲ್ಲೇ ಸಿಡಿಯುತ್ತದೆ. 20 ಗೇಜಿನ ಕಾಡತೂಸಿಗೆ ಹಳದಿ ಬಣ್ಣ ಬಂದದ್ದೇ ಈ ಅಪಾಯದಿಂದ. ಒಂದು ವೆಸ್ಟಿನಲ್ಲಿ ಒಂದೇ ಗೇಜ್ ಇರಲಿ, ಎರವಲು ತಂದ ವೆಸ್ಟಿನ ಜೇಬುಗಳನ್ನು ಮೊದಲು ಬರಿದು ಮಾಡಿ. ಒಕ್ಕೂಟ ಸರ್ಕಾರದ ಜಲಪಕ್ಷಿ ಪ್ರದೇಶಗಳಲ್ಲಿ ಸೀಸದ ಗುಂಡು ಜೇಬಿನಲ್ಲಿದ್ದರೂ ತಪ್ಪಾಗುತ್ತದೆ, ಆದ್ದರಿಂದ ಹೊಸಬರು ಉಕ್ಕಿನದನ್ನಷ್ಟೇ ಕೊಳ್ಳುವುದು ಸುಲಭ. ಗೆಳೆಯನ ತಾತನ ಕಾಲದ ಜೋಡುನಳಿಗೆ ಕೋವಿ ಎರವಲು ಸಿಕ್ಕಿದ್ದರೆ ಮಾತ್ರ ಉಕ್ಕಿನ ಗುಂಡು ಅದರ ನಳಿಗೆಯನ್ನು ಹಾಳುಮಾಡಬಹುದು, ಅದಕ್ಕೆ ಬಿಸ್ಮತ್ ಎಂಬ ಮೆದು ಲೋಹದ ಗುಂಡು ಬೇಕು, ಬೆಲೆ ಹೆಚ್ಚು.

ಹೊಡೆದದ್ದು ಹುಂಜವೇ ಎಂದು ಗುರುತಿಸಲು ಸಾಗಿಸುವಾಗ ಹಕ್ಕಿಯ ಒಂದು ಕಾಲನ್ನೋ, ಪುಕ್ಕಸಮೇತ ತಲೆಯನ್ನೋ ರೆಕ್ಕೆಯನ್ನೋ ಉಳಿಸಿರಬೇಕೆಂದು ಮಿನ್ನೆಸೋಟದ ನಿಯಮ ಹೇಳುತ್ತದೆ. ರಕ್ತ ಹತ್ತಿದ ಹಿಂಚೀಲ ಬಿಚ್ಚಿ ತೊಳೆಯುವಂತಿದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ, ಹೊಲಿದುಬಿಟ್ಟ ಚೀಲ ಮೂರನೇ ವಾರಕ್ಕೆ ಕಾರನ್ನೂ ನಾರಿಸುತ್ತದೆ.